ಯಾರೂ ಕರೆಯದ ಹೊತ್ತು

ಹೊಸನಗರದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಗುತ್ಯಪ್ಪನ ಹೋಟೆಲಿನಲ್ಲಿ ಇಡ್ಲಿ ತಿಂದು ಎದ್ದವರಿಗೆ ಆ ಹಿಟ್ಟು ರುಬ್ಬಿದ ಕೈ ಯಾರದೆಂದು ಗೊತ್ತಿರಲಿಲ್ಲ. ಗುತ್ಯಪ್ಪ ಗಲ್ಲಾದ ಹಿಂದೆ ಕೂರುತ್ತಿದ್ದ, ಎಲ್ಲರೂ ಅವನ ಇಡ್ಲಿಯೆಂದೇ ಹೊಗಳುತ್ತಿದ್ದರು. ಆದರೆ ಹೊಸನಗರ, ಸಾಗರ, ತೀರ್ಥಹಳ್ಳಿ ಮೂರೂ ಕಡೆಯ ದೀವರ ಮದುವೆಮನೆಗಳಲ್ಲಿ ಹೆಂಗಸರು ಹಾಡುತ್ತಿದ್ದ ಹಾಡುಗಳಲ್ಲಿ ಎಷ್ಟೋ ಹಾಡನ್ನು ಕಟ್ಟಿದವಳು ಗುತ್ಯಪ್ಪನ ಹೆಂಡತಿ ದುಗ್ಗಮ್ಮ ಎನ್ನುವುದು ಆ ಹೆಂಗಸರಿಗೆಲ್ಲ ಗೊತ್ತಿತ್ತು.

ದುಗ್ಗಮ್ಮನಿಗೆ ತನ್ನ ಹೆಸರು ಬರೆಯುವಷ್ಟು ಅಕ್ಷರ ಬರುತ್ತಿತ್ತು. ಅವಳು ಹುಟ್ಟಿದ ಊರೂ ಕೊಟ್ಟ ಊರೂ ಎರಡೂ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಕೆಳಗೆ ಹೋದವು. ನೀರು ಏರಿದ ವರ್ಷ ಅವಳ ಸೊಂಟದ ಮೇಲೆ ಎಂಟು ತಿಂಗಳ ಹೆಣ್ಣು ಮಗು ಇತ್ತು. ಆ ಮಗುವಿಗೆ ಅವಳು ಶರಾವತಿ ಎಂದು ಹೆಸರಿಟ್ಟಳು. ಮನೆ ನುಂಗಿದ ಹೊಳೆಯ ಹೆಸರನ್ನು ಮಗುವಿಗೆ ಇಡುವವರುಂಟೇ ಎಂದು ಅತ್ತೆ ವರದಮ್ಮ ವಾರಗಟ್ಟಲೆ ಗೊಣಗಿದರು. ಹೊಳೆ ತಾನಾಗಿ ಬಂದು ಯಾರ ಮನೆಯನ್ನೂ ನುಂಗಲಿಲ್ಲ ಎಂದು ಹೇಳಿ ದುಗ್ಗಮ್ಮ ಸುಮ್ಮನಾದಳು. ಹೊಲ ಗದ್ದೆ ಹೋದ ಮೇಲೆ ಗುತ್ಯಪ್ಪ ಹೊಸನಗರಕ್ಕೆ ಬಂದು ತಗಡಿನ ಮಾಡು ಹಾಕಿ ಹೋಟೆಲು ತೆರೆದ. ಹೋಟೆಲಿನ ಬೆನ್ನಿಗೇ ಮನೆ. ಎರಡಕ್ಕೂ ಸೇರಿ ಒಂದೇ ಅಡಿಗೆಮನೆ, ಅಡಿಗೆಮನೆಗೆ ಒಬ್ಬಳೇ ಹೆಂಗಸು.

ಆ ಒಬ್ಬಳು ಬೆಳಗಾಗುವ ಮುಂಚೆ ಎದ್ದು ಎರಡು ಒಲೆ ಹೊತ್ತಿಸಬೇಕು. ಮೊದಲ ಬಸ್ಸಿನವರಿಗೆ ಚಾ, ಎರಡನೆಯ ಬಸ್ಸಿನವರಿಗೆ ಇಡ್ಲಿ. ಚಟ್ನಿಗೆ ಕಾಯಿ ತುರಿಯುವಾಗಲೇ ಬನ್ಸ್‌ಗೆ ಎಣ್ಣೆ ಕಾಯುತ್ತಿರಬೇಕು. ನಡುವೆ ಮಗುವಿಗೆ ತಲೆ ಬಾಚಬೇಕು, ಅತ್ತೆಗೆ ಬಿಸಿನೀರು ಕೊಡಬೇಕು. ಮಧ್ಯಾಹ್ನ ಊಟಕ್ಕೆ ಬರುವ ಆಫೀಸಿನವರು ಹೋಗಿ ಎಂಜಲು ಬಳಿದು ಪಾತ್ರೆ ಬೆಳಗಿದ ಮೇಲೆ, ಎರಡು ಗಂಟೆಗೆ ಅವಳು ಒರಳುಕಲ್ಲಿನ ಮುಂದೆ ಕೂರುತ್ತಿದ್ದಳು. ಮರುದಿನದ ಅಕ್ಕಿ ಉದ್ದು ಪೂರಾ ನುಣ್ಣಗಾಗುವಾಗ ಐದು ಗಂಟೆ.

ಈ ಮೂರು ಗಂಟೆಗೆ ವರದಮ್ಮನ ಒಂದು ಕಾನೂನಿತ್ತು. ಹಿಟ್ಟಿನಲ್ಲಿ ಕೈಯಿಟ್ಟವಳನ್ನು ನಡುವೆ ಎಬ್ಬಿಸಬಾರದು. ಅರ್ಧ ರುಬ್ಬಿ ಬಿಟ್ಟೆದ್ದ ಹಿಟ್ಟು ಉಬ್ಬುವುದಿಲ್ಲ, ಇಡ್ಲಿ ಕಲ್ಲಾಗುತ್ತದೆ ಎಂಬುದು ಆ ಮುದುಕಿಯ ನಂಬಿಕೆ. ಇದನ್ನು ಅವರು ಸೊಸೆಯ ಮೇಲಿನ ಕನಿಕರಕ್ಕೆ ಮಾಡಿದ್ದಲ್ಲ, ಇಡ್ಲಿಯ ಮೇಲಿನ ಕಾಳಜಿಗೆ ಮಾಡಿದ್ದು. ಆದರೂ ಕಾನೂನು ಕಾನೂನೇ. ಆ ಹೊತ್ತಿನಲ್ಲಿ ಗುತ್ಯಪ್ಪ ಸಕ್ಕರೆ ಡಬ್ಬ ಕೇಳಿಕೊಂಡು ಬಂದರೆ ವರದಮ್ಮ ಬಾಗಿಲಲ್ಲೇ ತಡೆದು, ಕಣ್ಣಿಲ್ವಾ ನಿಂಗೆ, ಹುಡುಕ್ಕೋ ಎಂದು ಅಟ್ಟುತ್ತಿದ್ದರು. ಬಿಕ್ಕಿ ಬಿಕ್ಕಿ ಅಳುತ್ತಾ ಬಂದ ಮಗಳನ್ನು ಕೂಡ ಅವರೇ ಎತ್ತಿಕೊಳ್ಳುತ್ತಿದ್ದರು.

ದುಗ್ಗಮ್ಮನ ಹಾಡುಗಳೆಲ್ಲ ಹುಟ್ಟಿದ್ದು ಅಲ್ಲಿ. ಬಲಗೈ ಗುಂಡನ್ನು ತಿರುಗಿಸುತ್ತಿತ್ತು, ಎಡಗೈ ಹಿಟ್ಟನ್ನು ಒಳಕ್ಕೆ ತಳ್ಳುತ್ತಿತ್ತು, ಬಾಯಿಗೂ ತಲೆಗೂ ಕೆಲಸವಿರಲಿಲ್ಲ. ಹೊರಗೆ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅವಳಿಗೆ ಅವು ಕೇಳಿಸುತ್ತಿರಲಿಲ್ಲ. ತಾನು ಹಾಡು ಕಟ್ಟುತ್ತಿದ್ದೇನೆ ಎಂಬ ಎಣಿಕೆಯೂ ಇರುತ್ತಿರಲಿಲ್ಲ. ಸೋಮವಾರ ಕಿವಿಗೆ ಬಿದ್ದ ಮಾತೊಂದು ಗುರುವಾರ ಎರಡು ಸಾಲಾಗಿ ಮೇಲೆ ಬರುತ್ತಿತ್ತು.

ಮದುವೆ ಗೊತ್ತಾದ ಮನೆಯವರು ಹದಿನೈದು ದಿನ ಮೊದಲೇ ಅವಳ ಹಿಂಬಾಗಿಲಿಗೆ ಬರುತ್ತಿದ್ದರು. ಹೆಣ್ಣಿನ ಅತ್ತಿಗೆಯೋ ಚಿಕ್ಕಮ್ಮನೋ ಒರಳುಕಲ್ಲಿನ ಪಕ್ಕದ ಮಣೆಯ ಮೇಲೆ ಕೂತು ಗಂಡಿನ ಕಡೆಯವರ ಗುಣಾವಗುಣಗಳನ್ನೆಲ್ಲ ಒಪ್ಪಿಸುವುದು. ಯಾರು ಜಿಪುಣ, ಯಾರಿಗೆ ಗೊರಕೆ, ಯಾರ ಮನೆಯ ಎಮ್ಮೆ ಯಾರ ಗದ್ದೆಗೆ ನುಗ್ಗಿತ್ತು. ದುಗ್ಗಮ್ಮ ಹೂಂ ಎನ್ನುತ್ತಿರಲಿಲ್ಲ, ತಲೆಯೆತ್ತುತ್ತಿರಲಿಲ್ಲ. ಇವಳಿಗೆ ಕೇಳಿಸ್ತೋ ಇಲ್ಲವೋ ಎಂದು ಅನುಮಾನಪಟ್ಟುಕೊಂಡೇ ಅವರು ಎದ್ದು ಹೋಗುತ್ತಿದ್ದರು. ಧಾರೆಯ ದಿನ ಬೀಗರ ದಿಬ್ಬಣ ಚಪ್ಪರದೊಳಗೆ ಕಾಲಿಟ್ಟಾಗ ಗೊತ್ತಾಗುತ್ತಿತ್ತು.

ಹನ್ನೆರಡು ಮೈಲಿಯಿಂದ ಬಂದ್ರಂತೆ ಬೀಗರು
ಹನ್ನೊಂದು ಜನಕೊಂದು ಕೊಡೆಯ ಹಿಡಿದು
ಕೊಡೆಯೊಳಗೆ ನಿಂತವರು ಭಾವಯ್ಯನೊಬ್ಬರೇ
ಉಳಿದ ಹತ್ತೂ ಮಂದಿ ಹೊರಗೆ ನೆನೆದು

ಈ ಹಾಡಿನ ಭಾವಯ್ಯ ಎಪ್ಪತ್ತೈದರಲ್ಲಿ ಸಾಗರದ ಹತ್ತಿರದ ಒಂದು ಮದುವೆಯಲ್ಲಿ ಸಿಟ್ಟಾಗಿ ಊಟಕ್ಕೆ ಕೂರಲಿಲ್ಲವಂತೆ. ಮೂರು ಜನ ಹೋಗಿ ಕರೆತಂದು ಹೋಳಿಗೆ ಬಡಿಸಬೇಕಾಯಿತು. ಆಮೇಲೆ ಹಾಡಿನಲ್ಲಿ ತಮ್ಮ ಹೆಸರಿಲ್ಲದಿದ್ದರೆ ಅವಮಾನ ಎಂದು ಬೀಗರೇ ಎನ್ನುವಷ್ಟು ದುಗ್ಗಮ್ಮನ ಹೆಸರು ಬೆಳೆಯಿತು.

ವಾಗ್ದೇವಿ ಎಂಬವರು ಸಾಗರದ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದರು. ಗಂಡನಿಗೆ ಹೊಸನಗರದಲ್ಲಿ ಕೆಲಸ, ಹಾಗಾಗಿ ದಿನವೂ ಬಸ್ಸಿನಲ್ಲಿ ಓಡಾಟ. ಎಂಬತ್ತೆರಡರ ಒಂದು ಶನಿವಾರ ಮಧ್ಯಾಹ್ನ ಬಸ್ಸಿಳಿದು ಚಾ ಕುಡಿಯುತ್ತಿದ್ದಾಗ ಗೋಡೆಯ ಹಿಂದಿನಿಂದ ಬರುತ್ತಿದ್ದ ಗುನುಗು ಅವರ ಕಿವಿಗೆ ಬಿತ್ತು. ಅದೇ ಸಾಲು ನಾಲ್ಕು ಸಲ ಬಂತು, ಐದನೆಯ ಸಲ ಒಂದು ಶಬ್ದ ಬದಲಾಯಿತು. ಹೊಸದನ್ನು ಹುಟ್ಟಿಸುವ ಮನಸ್ಸು ಎಂಥದು, ಅದನ್ನು ಹಾಗೆ ಮಾಡುವುದು ಯಾವುದು ಎಂಬುದರ ಮೇಲೆಯೇ ವಾಗ್ದೇವಿ ಆಗ ದೊಡ್ಡದೊಂದು ಪ್ರಬಂಧ ಬರೆಯುತ್ತಿದ್ದರು. ಲೋಟ ಹಿಡಿದುಕೊಂಡೇ ಒಳಗೆ ಹೋದರು.

ಮೂರು ಶನಿವಾರ ಬಂದು ಪ್ರಶ್ನೆಗಳ ಪಟ್ಟಿ ಹಿಡಿದು ಕೂತರು. ಚಿಕ್ಕವಳಿದ್ದಾಗ ಒಬ್ಬಳೇ ಆಡುತ್ತಿದ್ದಿರಾ? ಆಡುವುದು ಎಲ್ಲಿಂದ ಬಂತು, ಎಮ್ಮೆ ಕಾಯುತ್ತಿದ್ದೆ ಎಂದಳು ದುಗ್ಗಮ್ಮ. ಮನೆಯಲ್ಲಿ ಯಾರಾದರೂ ಹಾಡುತ್ತಿದ್ದರಾ? ಎಲ್ಲರೂ ಹಾಡುತ್ತಿದ್ದರು, ಹಾಡದೆ ನಟ್ಟಿ ಹೇಗೆ ನೆಡುವುದು. ಕೊನೆಗೆ ಒಂದು ಪರೀಕ್ಷೆ ಇತ್ತು. ಒಂದು ವಸ್ತುವಿನಿಂದ ಏನೇನು ಮಾಡಬಹುದೆಂದು ಹೆಚ್ಚು ಹೇಳಿದವರು ಹೆಚ್ಚು ಕಲ್ಪನೆಯವರು ಎಂದು ಲೆಕ್ಕ.

"ಒಂದು ಇಟ್ಟಿಗೆ ಇದೆ ಅಂತಿಟ್ಕೊಳಿ. ಅದ್ರಿಂದ ಏನೇನು ಮಾಡಬಹುದು, ಹೇಳ್ತಾ ಹೋಗಿ."

"ಒಂದೇನಾ?"

"ಒಂದೇ."

"ಒಂದ್ರಲ್ಲಿ ಎಂತ ಆಗ್ತದೆ ಮೇಡಂ, ಒಲೆ ಹೂಡಕ್ಕೂ ಮೂರು ಬೇಕು. ಉಳಿದೆರಡು ಎಲ್ಲಿ ಹೋಯ್ತು ಅಂತ ಮೊದ್ಲು ಹುಡುಕ್ಬೇಕು."

ಅವಳಿಗೆ ಒಂದು ಅಂಕ ಬಂತು. ಆ ಪರೀಕ್ಷೆಯಲ್ಲಿ ವಾಗ್ದೇವಿಯವರ ವಿದ್ಯಾರ್ಥಿಗಳಲ್ಲಿ ಅತಿ ದಡ್ಡ ಎನಿಸಿಕೊಂಡವನಿಗೂ ಏಳು ಬಂದಿತ್ತು. ವಾಗ್ದೇವಿ ಪ್ರಾಮಾಣಿಕ ಹೆಂಗಸು. ಒಂದೇ ಅಂಕ ಬಂತೆಂದರೆ ತಪ್ಪಿರುವುದು ದುಗ್ಗಮ್ಮನಲ್ಲಲ್ಲ, ಪರೀಕ್ಷೆಯಲ್ಲಿ ಎಂದು ಅವರಿಗೆ ಹೊಳೆಯಿತು. ಮುಂದೇನೆಂದು ಹೊಳೆಯಲಿಲ್ಲ. ಹೊರಡುವಾಗ ಗಲ್ಲಾದ ಹತ್ತಿರ ನಿಂತು ಗುತ್ಯಪ್ಪನಿಗೆ ತಮಗೆ ತೋಚಿದ್ದನ್ನು ಹೇಳಿದರು. ಇಂಥವರು ಸಾವಿರಕ್ಕೊಬ್ಬರು, ಇವರಿಗೆ ಬಿಡುವು ಬೇಕು, ದಿನಾ ಮೂರು ಗಂಟೆ ಕಲ್ಲು ತಿರುಗಿಸುವುದು ತಪ್ಪಿದರೆ ಇನ್ನೆಷ್ಟು ಹಾಡು ಕಟ್ಟುತ್ತಿದ್ದರೋ ಎಂದರು.

ಗುತ್ಯಪ್ಪ ಕೆಟ್ಟ ಗಂಡನಲ್ಲ. ಹೆಂಡತಿಯ ಹಾಡಿನ ಮೇಲೆ ಅವನಿಗೆ ಅವಳಿಗಿಂತ ಹೆಚ್ಚು ಹೆಮ್ಮೆ. ತಿಂಗಳೊಳಗೆ ಶಿವಮೊಗ್ಗಕ್ಕೆ ಹೋಗಿ ಕರೆಂಟಿನ ಗ್ರೈಂಡರೊಂದನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದ. ಅದಕ್ಕೆ ಕುಂಕುಮ ಇಟ್ಟು, ದಾಸವಾಳ ಮುಡಿಸಿ, ನಮ್ಮನೆಯವಳ ಹಾಡಿಗೆ ಅಂತ ತಂದದ್ದು ಎಂದು ಗಿರಾಕಿಗಳಿಗೆಲ್ಲ ಒಳಗೆ ಕರೆದು ತೋರಿಸಿದ.

ದುಗ್ಗಮ್ಮನಿಗೆ ಅದು ಇಷ್ಟವಾಯಿತು. ಒರಳುಕಲ್ಲನ್ನು ಹೊಗಳುವವರು ಬಹುಮಟ್ಟಿಗೆ ಅದರ ಮುಂದೆ ಕೂರದವರೇ. ಹದಿನೆಂಟು ವರ್ಷ ಕೂತವಳ ಬಲರಟ್ಟೆ ಮಳೆಗಾಲದಲ್ಲಿ ಜಡೆ ಹಾಕಲೂ ಮೇಲೇಳುತ್ತಿರಲಿಲ್ಲ. ಗ್ರೈಂಡರು ಬಂದ ಎರಡು ತಿಂಗಳಿಗೆ ರಟ್ಟೆಯ ನೋವು ಇಳಿಯಿತು. ಮೂರು ಗಂಟೆಯ ಕೆಲಸ ಒಂದು ಗಂಟೆಗೆ ಮುಗಿಯಿತು, ಆ ಒಂದು ಗಂಟೆಯೂ ಯಂತ್ರ ತಾನೇ ತಿರುಗುತ್ತಿತ್ತು.

ಉಳಿದ ಹೊತ್ತು ಎಲ್ಲಿ ಹೋಯಿತು ಎಂದರೆ, ಎಲ್ಲಿಗೂ ಹೋಗಲಿಲ್ಲ, ಮನೆಯೊಳಗೇ ಹಂಚಿಹೋಯಿತು. ಹಿಟ್ಟು ಸುಲಭವಾಯಿತಲ್ಲ ಎಂದು ಗುತ್ಯಪ್ಪ ಸಂಜೆಗೆ ಮಸಾಲೆ ದೋಸೆ ಎಂದು ಬೋರ್ಡು ಬರೆಸಿದ. ದೋಸೆಗೆ ಆಲೂಗಡ್ಡೆ ಸುಲಿಯಬೇಕು, ಈರುಳ್ಳಿ ಹೆಚ್ಚಬೇಕು. ಗ್ರೈಂಡರಿನ ಪಕ್ಕ ನಿಂತವಳ ಕೈ ಒಣಗಿಯೇ ಇರುತ್ತಿತ್ತು. ಒಣಗಿದ ಕೈಯವಳನ್ನು ಯಾರು ಬೇಕಾದರೂ ಕರೆಯಬಹುದು. ದುಗ್ಗೀ, ಎರಡು ಬನ್ಸ್. ದುಗ್ಗೀ, ಹಾಲಿನವನು ಬಂದ. ದುಗ್ಗೀ, ಚಿಲ್ಲರೆ ಡಬ್ಬ ಎಲ್ಲಿಟ್ಟೆ. ಮರುವರ್ಷದ ಮಳೆಗಾಲದಲ್ಲಿ ವರದಮ್ಮ ತೀರಿಕೊಂಡರು. ಬಾಗಿಲಲ್ಲಿ ನಿಂತು ಅಟ್ಟುವವರೂ ಇಲ್ಲವಾದರು.

ಹಾಡು ನಿಂತುಹೋದದ್ದು ಮೊದಮೊದಲು ಯಾರಿಗೂ ತಿಳಿಯಲಿಲ್ಲ. ಬೀಗರನ್ನು ಹಂಗಿಸುವ ಹಾಡಿನಲ್ಲಿ ಹೆಸರು ಬದಲಿಸಿದರೆ ಹಳೆಯದೇ ಹೊಸದಾಗುತ್ತದೆ. ಒಂದು ಕೊಡೆಯ ಭಾವಯ್ಯ ಮತ್ತೆ ನಾಲ್ಕು ಮದುವೆಗಳಲ್ಲಿ ನಾಲ್ಕು ಹೆಸರಿನಲ್ಲಿ ಬಂದ. ದುಗ್ಗಮ್ಮನಿಗೆ ಮಾತ್ರ ತಿಳಿದಿತ್ತು. ವಯಸ್ಸಾಯಿತು, ಬತ್ತಿತು ಎಂದುಕೊಂಡಳು. ಆಗ ಅವಳಿಗೆ ನಲವತ್ತೈದು.

ಎಂಬತ್ತೈದರಲ್ಲಿ ಶರಾವತಿಗೆ ಮದುವೆ ಗೊತ್ತಾಯಿತು. ಗಂಡು ತೀರ್ಥಹಳ್ಳಿಯ ಹತ್ತಿರ ಮೇಳಿಗೆಯ ಶಾಲೆಯ ಮೇಷ್ಟ್ರು, ಮಂಜುನಾಥಪ್ಪ. ವೈಶಾಖದಲ್ಲಿ ಮದುವೆ.

ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗಿನ ಹಾಡು ಬೇರೆ ಹಾಡುಗಳ ಹಾಗಲ್ಲ. ಮನೆಯ ಹಿರಿಯರು ಒಬ್ಬೊಬ್ಬರಿಗೂ ಅದರಲ್ಲಿ ಒಂದೊಂದು ನುಡಿ ಇರುತ್ತದೆ. ಮೊದಲು ತಾಯಿಯ ನುಡಿ, ಆಮೇಲೆ ತಂದೆಯದು, ಆಮೇಲೆ ದೊಡ್ಡಪ್ಪ, ಮಾವ, ಹೀಗೆ. ಆಯಾ ನುಡಿ ಹಾಡುವಾಗ ಹುಡುಗಿ ಆಯಾ ಹಿರಿಯರ ಕಾಲಿಗೆ ಬೀಳುತ್ತಾಳೆ. ಒಂದು ಮನೆಗೆ ಕಟ್ಟಿದ್ದನ್ನು ಇನ್ನೊಂದು ಮನೆಗೆ ಹಾಡುವ ಹಾಗಿಲ್ಲ, ಅದು ಉಟ್ಟ ಸೀರೆ ಕೊಟ್ಟ ಹಾಗೆ. ಕಟ್ಟುವವರಿಲ್ಲದ ಮನೆಗೆಂದು ಎಲ್ಲರಿಗೂ ಬರುವ ಒಂದು ಸಾಮಾನ್ಯ ಹಾಡಿದೆ. ದುಗ್ಗಮ್ಮ ಊರಿನ ನಲವತ್ತು ಹುಡುಗಿಯರಿಗೆ ಒಪ್ಪಿಸುವ ಹಾಡು ಕಟ್ಟಿಕೊಟ್ಟಿದ್ದಳು. ಸ್ವಂತ ಮಗಳಿಗೆ ಸಾಮಾನ್ಯ ಹಾಡು ಹಾಡಿಸಬೇಕಾದೀತೇ ಎಂಬ ಹೆದರಿಕೆ ಅವಳೊಳಗೆ ಕೂತಿತು.

ಮದುವೆಗೆ ಒಂದು ತಿಂಗಳಿರುವಾಗ ಅವಳು ಒರಳುಕಲ್ಲನ್ನು ತೊಳೆದು ಮತ್ತೆ ಅದರ ಮುಂದೆ ಕೂತಳು. ರಟ್ಟೆ ಅರ್ಧ ಗಂಟೆಗೇ ಹಿಡಿದುಕೊಂಡಿತು. ಅದಕ್ಕಿಂತ ಮುಖ್ಯ, ಆ ಅರ್ಧ ಗಂಟೆಯಲ್ಲಿ ಗುತ್ಯಪ್ಪ ಮೂರು ಸಲ ಬಂದು ಕರೆದ. ಗ್ರೈಂಡರ್ ಇದ್ದೂ ಇದೆಂತ ಹುಚ್ಚು ನಿಂದು ಎಂದು ನಕ್ಕ. ಮೊದಲು ಅದು ಕೆಲಸವಾಗಿತ್ತು, ಈಗ ಹುಚ್ಚು. ಕೆಲಸಕ್ಕಿರುವ ಮರ್ಯಾದೆ ಹುಚ್ಚಿಗೆ ಇರುವುದಿಲ್ಲ. ಅವಳು ಕೈ ತೊಳೆದುಕೊಂಡು ಎದ್ದಳು.

ಮದುವೆಯ ಬಳೆ, ರವಿಕೆ ಬಟ್ಟೆಗೆಂದು ಅವಳು ಒಂದು ದಿನ ಸಾಗರದ ಬಸ್ಸು ಹತ್ತಿದಳು. ಒಬ್ಬಳೇ. ಶರಾವತಿಯನ್ನು ಹೋಟೆಲಿಗೆ ಬಿಟ್ಟು ಬಂದಿದ್ದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನಲ್ಲಿ ವಾಗ್ದೇವಿ ಕೂತು, ತೊಡೆಯ ಮೇಲೆ ಚೀಲ, ಚೀಲದ ಮೇಲೆ ಕಾಗದ ಇಟ್ಟುಕೊಂಡು ಏನೋ ಬರೆಯುತ್ತಿದ್ದರು. ಬಸ್ಸು ಎತ್ತಿ ಹಾಕಿದಾಗಲೆಲ್ಲ ಅಕ್ಷರ ಓರೆಯಾಗುತ್ತಿತ್ತು. ದುಗ್ಗಮ್ಮ ಮಾತಾಡಿಸಲಿಲ್ಲ. ರಿಪ್ಪನ್‌ಪೇಟೆ ದಾಟುವಾಗ ಅವಳ ಬಾಯಲ್ಲಿ ಒಂದು ಸಾಲು ಬಂದು ಕೂತಿತು. ಆನಂದಪುರಕ್ಕೆ ಎರಡಾಯಿತು. ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ತಾಯಿಯ ನುಡಿ ಪೂರ್ತಿಯಾಗಿತ್ತು. ಮೂರು ವರ್ಷದ ಮೇಲೆ ಬಂದ ಮೊದಲ ನುಡಿ. ಅವಳು ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ ಅದನ್ನೇ ಮತ್ತೆ ಮತ್ತೆ ಹೇಳಿಕೊಂಡಳು.

ಹಿಂದೆಯೇ ಇಳಿದ ವಾಗ್ದೇವಿ ಗಾಬರಿಯಾಗಿ ಬಂದು ವಿಚಾರಿಸಿದರು. ದುಗ್ಗಮ್ಮ ಅದಕ್ಕೆ ಉತ್ತರ ಕೊಡದೆ, ಬಸ್ಸಲ್ಲಿ ಎಂತಕ್ಕೆ ಬರೀತೀರಿ, ಮನೇಲಿ ಮೇಜು ಕುರ್ಚಿ ಇಲ್ವಾ ಎಂದು ಕೇಳಿದಳು.

"ಇದೆ. ಮೇಜಿನ ಮುಂದೆ ಕೂತ್ರೆ ಕರೀತಾರೆ," ಎಂದರು ವಾಗ್ದೇವಿ. "ನನ್ನ ಪ್ರಬಂಧ ಪೂರಾ ಈ ರೋಡಲ್ಲೇ ಬರೆದದ್ದು."

ದುಗ್ಗಮ್ಮ ಹೇಳಿದಳು:

"ನಂಗೂ ಅಷ್ಟೇ ಆಗಿದ್ದು ಮೇಡಂ. ಕೈ ಹಿಟ್ಟೊಳಗೆ ಇರ್ತಿತ್ತು, ಯಾರೂ ಕರೀತಿರ್ಲಿಲ್ಲ. ನಂಗೆ ಕಲ್ಲು ಬೇಡ. ಕಲ್ಲಿಗೆ ನನ್ ರಟ್ಟೆ ಕೊಟ್ಟಾಯ್ತು. ಕರೀದೇ ಇರೋ ಹೊತ್ತು ಬೇಕು."

ವಾಗ್ದೇವಿಗೆ ಆ ದಿನ ಕಾಲೇಜಿನಲ್ಲಿ ಪಾಠ ಸರಿಯಾಗಿ ಹೋಗಲಿಲ್ಲ. ತಾವೇ ಗಲ್ಲಾದ ಹತ್ತಿರ ನಿಂತು ಆಡಿದ್ದ ಮಾತು ನೆನಪಾಗುತ್ತಿತ್ತು. ಬಿಡುವು ಬೇಕು ಎಂದಿದ್ದರು. ಬಿಡುವೆಂದರೆ ಎಲ್ಲರ ಕೈಗೂ ಸಿಗುವ ಹೊತ್ತು ಎಂದು ಈ ಮನೆಗಳಲ್ಲಿ ಅರ್ಥವಾಗುತ್ತದೆ ಎನ್ನುವುದು, ಅಂಥದೇ ಮನೆಯಲ್ಲಿದ್ದ ತಮಗೂ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಅವರು ಹೋಟೆಲಿನ ಮೂಲೆಯ ಮೇಜಿನಲ್ಲಿ ಒಂದು ಚಾ ಮುಂದಿಟ್ಟುಕೊಂಡು ಎರಡರಿಂದ ಮೂರು ಗಂಟೆಯವರೆಗೆ ಕೂತರು. ದುಗ್ಗಮ್ಮನನ್ನು ಯಾರಾದರೂ ಕರೆದಾಗಲೆಲ್ಲ ಪುಸ್ತಕದಲ್ಲಿ ಒಂದು ಗೀಟು. ಗಂಟೆ ಮುಗಿದಾಗ ನಲವತ್ತೊಂದು ಗೀಟುಗಳಿದ್ದವು. ಅದನ್ನು ಗುತ್ಯಪ್ಪನಿಗೆ ತೋರಿಸಿದರು. ಅವನು ಕನ್ನಡಕ ಹಾಕಿಕೊಂಡು ಒಂದೊಂದೇ ಬೆರಳಿಟ್ಟು ಎಣಿಸಿದ.

"ಇದ್ರಲ್ಲಿ ನಾನು ಕರ್ದಿದ್ದು ಹದಿನೇಳೇ," ಎಂದ.

ಹೇಳಿದ ಮೇಲೆ ಅವನಿಗೇ ಒಂಥರಾ ಆಯಿತು. ವಾಗ್ದೇವಿ ಹೋದ ಮೇಲೆ ಒಳಗೆ ಬಂದು, ನಾಳೆಯಿಂದ ಎರಡರಿಂದ ನಾಲ್ಕು ನೀನು ಕಟ್ಟಿಗೆ ಕೋಣೆಯಲ್ಲಿ ಕೂತುಬಿಡು, ಸತ್ತರೂ ಕರೆಯುವುದಿಲ್ಲ ಎಂದ. ಎಂತ ಮಾಡ್ತೀಯ ಅಲ್ಲಿ ಎಂದೂ ಕೇಳಿದ. ಸುಮ್ಮನೆ ಕೂರ್ತೀನಿ ಎಂದಳು. ಸುಮ್ಮನೆ ಕೂರಲಿಕ್ಕೆ ಒಂದು ಕೋಣೆ ಬೇಕೇ ಎಂದು ಅವನಿಗೆ ಅನ್ನಿಸಿದ್ದು ಮುಖದಲ್ಲಿ ಕಾಣುತ್ತಿತ್ತು. ಆದರೆ ಮಾತು ಕೊಟ್ಟಿದ್ದ.

ಮದುವೆಯ ಮನೆ. ಮೊದಲ ದಿನ ದರ್ಜಿ ಬಂದ. ಎರಡನೆಯ ದಿನ ಆಮಂತ್ರಣದ ಕಾಗದಕ್ಕೆ ಅರಿಶಿನ ಹಚ್ಚಬೇಕಾಯಿತು. ಕೋಣೆಯಲ್ಲಿ ಕೂತ ದಿನಗಳಲ್ಲೂ ಅವಳ ಕಿವಿ ಹೊರಗೇ ಇರುತ್ತಿತ್ತು. ಕರೆಯುವುದಿಲ್ಲ ಎಂದು ಹೇಳಿದವರ ಕರೆಗೆ ಕಾಯುವುದು ಕರೆಸಿಕೊಳ್ಳುವುದಕ್ಕಿಂತ ಹೆಚ್ಚು ಸುಸ್ತಿನ ಕೆಲಸ. ಇಪ್ಪತ್ತು ವರ್ಷ ಓಗೊಟ್ಟ ಕಿವಿ ಎರಡು ಗಂಟೆಗೆ ಬಾಗಿಲು ಹಾಕಿಕೊಳ್ಳುವುದಿಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು. ಅಮ್ಮ, ಆಯ್ತಾ ಎಂದು ಶರಾವತಿ ಒಂದು ಸಲವೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಆ ಎರಡು ಗಂಟೆ ಹೊರಗಿನ ಚಾ, ಬನ್ಸ್ ಎಲ್ಲ ಅವಳೇ ನೋಡಿಕೊಂಡಳು. ಕೈಗೆ ಮದರಂಗಿ ಹಚ್ಚಿಕೊಳ್ಳಬೇಕಾದವಳು ಲೋಟ ತೊಳೆದಳು. ಅದು ದುಗ್ಗಮ್ಮನಿಗೆ ಒಳಗಿನಿಂದಲೇ ಕೇಳಿಸುತ್ತಿತ್ತು. ತನ್ನ ಹೊತ್ತು ಇನ್ನೊಬ್ಬಳ ಕೈಯಿಂದ ಬಂದದ್ದೆಂದು ಗೊತ್ತಾಗಿ ಅವಳಿಗೆ ಕೂರಲೂ ಆಗುತ್ತಿರಲಿಲ್ಲ, ಏಳಲೂ ಆಗುತ್ತಿರಲಿಲ್ಲ.

ಧಾರೆಯ ಹಿಂದಿನ ದಿನ ಮಧ್ಯಾಹ್ನ ಚಪ್ಪರದ ಕೆಲಸ ನಡೆಯುತ್ತಿತ್ತು. ಗುತ್ಯಪ್ಪ ತಾನೇ ಹೆಂಡತಿಯನ್ನು ಕಟ್ಟಿಗೆ ಕೋಣೆಗೆ ಕಳಿಸಿ, ಯಾರೂ ಆ ಕಡೆ ಹೋಗಬಾರದೆಂದು ನೆಂಟರಿಗೆಲ್ಲ ಹೇಳಿದ. ಬಿಸಿಲಿಗೆ ತಗಡು ಕಾದಿತ್ತು. ದುಗ್ಗಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ದಣಿವಿಗೋ ಏನೋ, ಕಿವಿ ಅಂದು ತಾನಾಗಿ ಮುಚ್ಚಿಕೊಂಡಿತು. ತಂದೆಯ ನುಡಿ ಬರತೊಡಗಿತು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗುತ್ಯಪ್ಪ ಮೊದಲ ಸಲ ಈ ಊರಿಗೆ ನಡೆದು ಬಂದದ್ದು ಅದರಲ್ಲಿತ್ತು. ಎರಡು ಸಾಲು ಬಂತು, ಮೂರನೆಯದೂ ಬಂತು. ನಾಲ್ಕನೆಯದರ ಕೊನೆಯ ಶಬ್ದ ಬಾಗಿಲ ಹತ್ತಿರ ನಿಂತ ಹಾಗಿತ್ತು. ಅವಳ ನುಡಿಗಳು ಹೂವಿನ ಸರದ ಹಾಗೆ. ಕಟ್ಟಿ ಗಂಟು ಹಾಕಿದ ಮೇಲೆ ವರ್ಷಗಟ್ಟಲೆ ಉದುರುವುದಿಲ್ಲ. ಗಂಟು ಹಾಕುವ ಮುಂಚೆ ದಾರ ಬಿಟ್ಟರೆ ಒಂದು ಎಸಳೂ ನಿಲ್ಲುವುದಿಲ್ಲ.

ಗುತ್ಯಪ್ಪ ಬಾಗಿಲನ್ನು ಸ್ವಲ್ಪವೇ ಸರಿಸಿದ. ಮೆಲ್ಲಗೆ ಕರೆದರೆ ಕರೆದಂತಾಗುವುದಿಲ್ಲ ಎಂದು ಅವನ ಲೆಕ್ಕ.

"ದುಗ್ಗೀ. ಒಂದೇ ಒಂದು ಮಾತು. ಹರಿವಾಣ ಎಲ್ಲಿಟ್ಟಿದೀಯ?"

"ಅಟ್ಟದ ಮೇಲೆ, ಹಿತ್ತಾಳೆ ಕೊಡದ ಹಿಂದೆ."

ಬಾಗಿಲು ಮತ್ತೆ ಮುಚ್ಚಿತು. ಅವಳು ಕಣ್ಣು ಮುಚ್ಚಿದಳು. ಏನೂ ಇರಲಿಲ್ಲ. ಮೊದಲ ಸಾಲಿನ ಹೆಗಲು ಕೂಡ ಇರಲಿಲ್ಲ. ನಾಲ್ಕು ಗಂಟೆಯವರೆಗೂ ಕೂತು, ಎದ್ದು ಹೋಗಿ ಕಾಯಿ ತುರಿದಳು.

ಮರುದಿನ ಮಧ್ಯಾಹ್ನ ಊಟವಾಗಿ ಮೇಳಿಗೆಗೆ ಹೊರಡುವ ಬಸ್ಸು ರಸ್ತೆಯಲ್ಲಿ ನಿಂತಿತು. ಹೆಂಗಸರು ಚಪ್ಪರದಲ್ಲಿ ಸೇರಿದರು. ದುಗ್ಗಮ್ಮನ ಜೊತೆ ಯಾವಾಗಲೂ ಹಾಡುತ್ತಿದ್ದ ಅವಳ ನಾದಿನಿ ಮೀನಾಕ್ಷಮ್ಮ ಪಕ್ಕದಲ್ಲಿ ನಿಂತಳು. ಹನ್ನೆರಡು ಹಿರಿಯರಿಗೆ ಆಗಿರುವುದು ಒಂದೇ ನುಡಿ, ತಂದೆಯ ನುಡಿ ಬಾಯಿತನಕ ಬಂದು ಹೋಯಿತು ಎಂದು ದುಗ್ಗಮ್ಮ ಅವಳಿಗೆ ಬೆಳಿಗ್ಗೆಯೇ ಹೇಳಿದ್ದಳು. ಉಳಿದವರಿಗೆಲ್ಲ ಸಾಮಾನ್ಯ ಹಾಡು ಎತ್ತಿಕೊಳ್ಳುತ್ತೇನೆ, ಯೋಚನೆ ಮಾಡಬೇಡ ಎಂದಿದ್ದಳು ಮೀನಾಕ್ಷಮ್ಮ.

ಶರಾವತಿ ಬಂದು ತಾಯಿಯ ಕಾಲಿಗೆ ಬಗ್ಗಿದಳು. ದುಗ್ಗಮ್ಮ ಹಾಡಿದಳು.

ನೀರು ಬಂದಾಗ ನಿನ್ನ ಸೊಂಟದಲಿ ಹೊತ್ತಿದ್ದೆ
ಊರ ಬಿಟ್ಟೆನು ಮಗಳೆ ನಿನ್ನ ಬಿಡಲಿಲ್ಲ
ಇಂದ್ಯಾವ ನೀರು ಬಂದಿತ್ತೆ ಅಂಗಳಕೆ
ಒಣನೆಲದ ಮೇಲೆ ನಾ ಕೈಯ ಬಿಡುತೇನೆ

ಗಂಡಿನ ಕಡೆಯ ಹೆಂಗಸರೂ ಕಣ್ಣೊರೆಸಿಕೊಂಡರು. ಶರಾವತಿ ಎದ್ದು ಮುಂದಿನ ಹೆಜ್ಜೆ ಇಟ್ಟು ತಂದೆಯ ಎದುರು ನಿಂತಳು. ಗುತ್ಯಪ್ಪ ಹೊಸ ಪಂಚೆ ಉಟ್ಟು, ಶಲ್ಯವನ್ನು ಸರಿಪಡಿಸಿಕೊಂಡು, ಕೈ ಜೋಡಿಸಿ ನಿಂತಿದ್ದ. ಊರಿಗೆಲ್ಲ ಹಾಡು ಕಟ್ಟಿದವಳ ಗಂಡ ಅವನು. ತನ್ನ ನುಡಿಗೆ ಅವನು ನಾಲ್ಕು ವಾರದಿಂದ ಕಾದಿದ್ದ.

ಮೀನಾಕ್ಷಮ್ಮ ಸಾಮಾನ್ಯ ಹಾಡಿಗೆ ಬಾಯಿ ತೆರೆದಳು. ದುಗ್ಗಮ್ಮ ಅವಳ ಮಣಿಕಟ್ಟನ್ನು ಹಿಡಿದು ಬೇಡವೆಂದು ತಲೆಯಾಡಿಸಿದಳು. ಇಲ್ಲದ್ದನ್ನು ಇದೆಯೆಂದು ತೋರಿಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಚಪ್ಪರ ಸುಮ್ಮನಾಯಿತು. ಹೊರಗೆ ಡ್ರೈವರ್ ಒಂದು ಸಲ ಹಾರನ್ ಮಾಡಿದ. ಶರಾವತಿ ಒಂದು ಕ್ಷಣ ತಾಯಿಯ ಕಡೆ ನೋಡಿದಳು, ಅರ್ಥವಾಯಿತು, ಹಾಡಿಲ್ಲದೆಯೇ ತಂದೆಯ ಕಾಲಿಗೆ ಬಿದ್ದಳು. ಗುತ್ಯಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ. ಆ ಕೈಯನ್ನು ಯಾವಾಗ ತೆಗೆಯಬೇಕೆಂದು ಅವನಿಗೆ ತಿಳಿಯಲಿಲ್ಲ. ನುಡಿ ಮುಗಿದಾಗ ತೆಗೆಯುವುದು ವಾಡಿಕೆ. ಕೊನೆಗೆ ಮಗಳೇ ಎದ್ದಳು. ದೊಡ್ಡಪ್ಪನಿಂದ ಮುಂದಕ್ಕೆ ಮೀನಾಕ್ಷಮ್ಮ ಸಾಮಾನ್ಯ ಹಾಡು ಹಾಡಿದಳು.

ಬಸ್ಸು ಹೋಯಿತು. ನೆಂಟರು ಅಲ್ಲಲ್ಲಿ ಗೋಡೆಗೆ ಒರಗಿದರು. ಬಂದಿದ್ದ ವಾಗ್ದೇವಿ ದುಗ್ಗಮ್ಮನ ಕೈ ಹಿಡಿದು, ಇಷ್ಟು ಒಳ್ಳೆಯ ನಾಲ್ಕು ಸಾಲು ತಾವು ಕೇಳಿಲ್ಲ ಎಂದರು. ನಿಮಗೆ ನಾಲ್ಕು ಸಾಲು ಸಾಕು ಮೇಡಂ, ಅವಳಿಗೆ ಹನ್ನೆರಡು ನುಡಿ ಬೇಕಿತ್ತು ಎಂದಳು ದುಗ್ಗಮ್ಮ. ಸಿಟ್ಟಿನಿಂದ ಹೇಳಿದ್ದಲ್ಲ.

ಅವಳು ಅಡಿಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಗ ಗುತ್ಯಪ್ಪ ಬಂದು ಎದುರಿಗೆ ಕೂತ. ಶಲ್ಯವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡ, ಮತ್ತೆ ಬಿಚ್ಚಿ ಮಡಿಸಿದ.

"ನಂದು ಬರ್ಲೇ ಇಲ್ವನೇ?"

"ಬಂದಿತ್ತು. ಮುಗಿಯೋ ಹೊತ್ತಿಗೆ ನೀವು ಹರಿವಾಣ ಕೇಳಿದ್ರಿ."

ಒಂದೇ ಮಾತು ಅಲ್ವಾ ಎಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಚಪ್ಪರದಿಂದ ಯಾರೋ ಹಿರಿಯರು, ಗುತ್ಯಪ್ಪ, ಒಂದು ನಾಲ್ಕು ಲೋಟ ಕಾಫಿ ಆಗ್ತಿತ್ತೇನೋ ಎಂದು ಕೇಳಿದರು. ಅವನು ಹೆಂಡತಿಯ ಕಡೆ ನೋಡಿ, ಎದ್ದು ಕಪಾಟಿನ ಹತ್ತಿರ ಹೋದ. ಒಂದು ಡಬ್ಬ ತೆರೆದ, ಅದು ರವೆ. ಇನ್ನೊಂದು ತೆರೆದ, ಕೊತ್ತಂಬರಿ. ಕಾಫಿಪುಡಿ ಮೇಲಿನ ಸಾಲಿನಲ್ಲಿ, ಉಪ್ಪಿನ ಮರಿಗೆಯ ಪಕ್ಕದ ಗಿಡ್ಡ ಡಬ್ಬದಲ್ಲಿತ್ತು. ದುಗ್ಗಮ್ಮನಿಗೆ ನಾಲಿಗೆಯ ತುದಿಗೆ ಬಂತು. ಅವಳು ಹೇಳಲಿಲ್ಲ. ಕಣ್ಣು ಮುಚ್ಚಿ, ಮುಚ್ಚಳಗಳು ಒಂದೊಂದಾಗಿ ತೆರೆದು ಮುಚ್ಚುವುದನ್ನು ಕೇಳುತ್ತಾ ಕೂತಳು. ಅವನಿಗೆ ಅದು ಸಿಗಲು ಬಹಳ ಹೊತ್ತು ಹಿಡಿಯಿತು.